ವೇಷಕ್ಕೆ ಚಪ್ಪಾಳೆ, ಮನುಷ್ಯನಿಗೆ ಗುಂಡು

ಸ್ಲೋವಾಕ್ ಭಾಷೆಯಲ್ಲಿ 'ಟೆಪ್ಲಿ' ಅಂದರೆ ಬೆಚ್ಚಗಿನದು ಅಂತ ಅರ್ಥ. ಅದೇ ಮಾತನ್ನು ಬೀದಿಯಲ್ಲಿ ಒಬ್ಬ ಗಂಡಸಿನ ಮುಖ ನೋಡಿ ಹೇಳಿದರೆ ಅದು ಬೈಗುಳ. ಸಲಿಂಗಿ ಅಂತ ಹಂಗಿಸೋದಕ್ಕೆ ಅಲ್ಲಿನವರು ಬಳಸೋ ಪದ ಅದು. 'ಟೆಪ್ಲಾರೆನ್' ಅಂದರೆ ಚಳಿಗಾಲದಲ್ಲಿ ಇಡೀ ಬಡಾವಣೆಯ ಮನೆಗಳಿಗೆ ಶಾಖ ಕಳಿಸುವ ಸ್ಥಾವರ. ರಾಜಧಾನಿ ಬ್ರಾಟಿಸ್ಲಾವಾದ ಜಾಮೊಟ್ಸ್ಕಾ ಬೀದಿಯಲ್ಲಿ ಸಲಿಂಗಿಗಳಿಗಾಗಿ ಒಂದು ಪುಟ್ಟ ಬಾರ್ ತೆರೆದವರು ಅದಕ್ಕೆ ಟೆಪ್ಲಾರೆನ್ ಅಂತಲೇ ಹೆಸರಿಟ್ಟರು. ಬೈಗುಳವನ್ನೇ ಬೋರ್ಡು ಮಾಡಿ ಬಾಗಿಲ ಮೇಲೆ ಹಾಕಿದರು. ಧೈರ್ಯ ಅಂದರೆ ಧೈರ್ಯ, ತಮಾಷೆ ಅಂದರೆ ತಮಾಷೆ.

ಆ ಬಾಗಿಲ ಮುಂದೆ 2022ರಲ್ಲಿ ಏನಾಯ್ತು ಅಂತ ಹೇಳ್ತೀನಿ. ಅದಕ್ಕೂ ಮೊದಲು ನೂರು ವರ್ಷ ಹಿಂದಕ್ಕೆ ಹೋಗಬೇಕು. ಯಾಕಂದರೆ ಈ ವಿಷಯ ಬಂದಾಗಲೆಲ್ಲ ಅಲ್ಲಿನ ರಾಜಕಾರಣಿಗಳು ಒಂದೇ ರಾಗ ಹಾಡ್ತಾರೆ: ಇದೆಲ್ಲ ಬ್ರಸೆಲ್ಸ್‌ನಿಂದ ಬಂದ ಫ್ಯಾಷನ್, ನಮ್ಮ ಮಣ್ಣಿನದಲ್ಲ ಅಂತ.

ಹೌದಾ? ಹಾಗಾದರೆ ಇಮ್ರಿಖ್ ಮತ್ಯಾಶ್ ಯಾರು? 1896ರಲ್ಲಿ ಹುಟ್ಟಿದ, ಬ್ರಾಟಿಸ್ಲಾವಾದ ಮನುಷ್ಯ. ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲೇ ಬರ್ಲಿನ್‌ನ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರ ಸಂಸ್ಥೆಯ ಜೊತೆ ಸಂಪರ್ಕ ಬೆಳೆಸಿದವರು. ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿರಿ ಅಂತ ಲೇಖನ ಬರೆದವರು. 1930ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಈ ಸಮುದಾಯದ್ದೇ ಒಂದು ಪತ್ರಿಕೆ ಬರ್ತಿತ್ತು. ಹೆಸರು ಮೊದಲು 'ಹ್ಲಾಸ್', ಆಮೇಲೆ 'ನೋವಿ ಹ್ಲಾಸ್', ಅಂದರೆ ಹೊಸ ದನಿ. ಮತ್ಯಾಶ್ ಅದರ ಬರಹಗಾರರಲ್ಲಿ ಒಬ್ಬರು. 1933ರಲ್ಲಿ ನಾಜಿಗಳು ಹಿರ್ಷ್‌ಫೆಲ್ಡ್ ಸಂಸ್ಥೆಗೆ ನುಗ್ಗಿ ಅಲ್ಲಿನ ಪುಸ್ತಕಗಳನ್ನು ಬೀದಿಗೆ ತಂದು ಸುಟ್ಟರು. ಮುಂದಿನ ವರ್ಷ ಈ ಪತ್ರಿಕೆಯೂ ನಿಂತುಹೋಯಿತು. ಯುರೋಪಿಯನ್ ಯೂನಿಯನ್ ಅನ್ನೋ ಹೆಸರು ಹುಟ್ಟೋಕೆ ಇನ್ನೂ ಅರವತ್ತು ವರ್ಷ ಬಾಕಿ ಇತ್ತು ಸ್ವಾಮಿ!

ಕಮ್ಯುನಿಸ್ಟ್ ಸರ್ಕಾರ ಬಂತು. 1961ರ ದಂಡ ಸಂಹಿತೆಯಲ್ಲಿ ವಯಸ್ಕರ ನಡುವಿನ ಸಲಿಂಗ ಸಂಬಂಧ ಅಪರಾಧವಲ್ಲ ಅಂತಾಯ್ತು. ಪ್ರಾಗ್‌ನ ವೈದ್ಯ ಕುರ್ಟ್ ಫ್ರಾಯ್ಂಡ್ ಈ ಪ್ರವೃತ್ತಿಯನ್ನು ಚಿಕಿತ್ಸೆಯಿಂದ ಬದಲಿಸಬಹುದಾ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿ, ಆಗೋದಿಲ್ಲ ಅಂತ ಕಂಡುಕೊಂಡಿದ್ದರು. ಕಾನೂನು ಬದಲಾಗೋದರಲ್ಲಿ ಅವರ ಪಾತ್ರ ದೊಡ್ಡದು. ಇಂಗ್ಲೆಂಡ್ ಇದೇ ಕೆಲಸ ಮಾಡಿದ್ದು 1967ರಲ್ಲಿ. ಮತ್ಯಾಶ್ 1974ರವರೆಗೆ ಬದುಕಿದ್ದರು. ತಾನು ಯೌವನದಲ್ಲಿ ಕೇಳಿದ್ದನ್ನು ಮುಪ್ಪಿನಲ್ಲಿ ನೋಡಿದರು. ಆದರೆ ಜೈಲಿಗೆ ಹಾಕೋದಿಲ್ಲ ಅಂದ ಮಾತ್ರಕ್ಕೆ ಸೇರೋದಕ್ಕೆ ಜಾಗ ಸಿಕ್ಕಿತು ಅಂತಲ್ಲ. ಸಂಘ ಇಲ್ಲ, ಪತ್ರಿಕೆ ಇಲ್ಲ. 1989ರಲ್ಲಿ ಆ ಆಡಳಿತ ಬಿದ್ದ ಮೇಲೆ, 1990ರಲ್ಲಿ ಗನಿಮೇಡೆಸ್ ಅನ್ನೋ ಸಂಘ ಹುಟ್ಟಿತು. ಆಮೇಲೆ ಒಂದೊಂದೇ ಕ್ಲಬ್ಬು.

ಇನ್ನು ಅಸಲು ವಿಷಯ, ವೇಷದ ರಾತ್ರಿಗಳು. ಜೆಕ್ ಮತ್ತು ಸ್ಲೋವಾಕ್ ಜನರಿಗೆ ಇದು ಹೊಸದೇನಲ್ಲ. 'ಟ್ರಾವೆಸ್ಟಿ ಷೋ' ಅಂತ ಕರೀತಾರೆ. ಗಂಡಸರು ಹೆಸರಾಂತ ಗಾಯಕಿಯರ ವೇಷ ಹಾಕಿ, ರೆಕಾರ್ಡಿನ ಹಾಡಿಗೆ ತುಟಿ ಆಡಿಸಿ, ನಡುನಡುವೆ ಪೋಲಿ ಜೋಕು ಹೊಡೆದು ನಗಿಸೋದು. 'ಸ್ಕ್ರೀಮರ್ಸ್' ಅನ್ನೋ ಜೆಕ್ ತಂಡ ಎರಡೂ ದೇಶಗಳಲ್ಲಿ ಊರೂರು ತಿರುಗಿದೆ. ನೋಡೋಕೆ ಬರೋರು ಯಾರು? ಗೃಹಸ್ಥರು. ಗಂಡ, ಹೆಂಡತಿ, ಅತ್ತೆ, ಆಫೀಸಿನ ಗುಂಪು. ಹೊಟ್ಟೆ ಹಿಡಿದು ನಕ್ಕು, ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಯಾರಿಗೂ ಸಂಸ್ಕೃತಿ ಹಾಳಾಯ್ತು ಅಂತ ಅನ್ನಿಸೋದಿಲ್ಲ. ಯಾಕೆ ಗೊತ್ತಾ? ಷೋ ಮುಗಿದ ಮೇಲೆ ವಿಗ್ಗು ತೆಗೀತಾರೆ ಅಂತ ಅವರಿಗೆ ಗೊತ್ತು.

ಕ್ಲಬ್ಬಿನ ಡ್ರ್ಯಾಗ್ ಸ್ಪರ್ಧೆ ಬೇರೆ. 2009ರಲ್ಲಿ ಅಮೆರಿಕದ ಟಿವಿಯಲ್ಲಿ 'ರುಪಾಲ್ಸ್ ಡ್ರ್ಯಾಗ್ ರೇಸ್' ಶುರುವಾದ ಮೇಲೆ ಈ ಸ್ಪರ್ಧೆಗಳ ಧಾಟಿ ಜಗತ್ತಿನಾದ್ಯಂತ ಬದಲಾಯ್ತು. ರಾತ್ರಿಗೊಂದು ಥೀಮ್ ಕೊಡ್ತಾರೆ: ಒಂದು ಸಲ ಹಳೇ ಸಿನಿಮಾ ತಾರೆಯರು, ಇನ್ನೊಂದು ಸಲ ದೆವ್ವಭೂತ, ಮತ್ತೊಂದು ಸಲ ತೊಂಬತ್ತರ ದಶಕದ ಹಾಡು. ಇಲ್ಲಿ ಇನ್ನೊಬ್ಬರ ನಕಲು ಮಾಡಿದರೆ ಸಾಲದು. ತನ್ನದೇ ಒಂದು ಪಾತ್ರ ಕಟ್ಟಬೇಕು, ಅದಕ್ಕೊಂದು ಹೆಸರು, ಒಂದು ನಡಿಗೆ, ಒಂದು ನಾಲಿಗೆ ಬೇಕು. ಬಟ್ಟೆ ತಾನೇ ಹೊಲೀಬೇಕು. ಮೇಕಪ್ಪಿಗೆ ಗಂಟೆಗಟ್ಟಲೆ ಬೇಕು. ಗೆದ್ದರೆ ಸಿಗೋ ಬಹುಮಾನಕ್ಕಿಂತ ವಿಗ್ಗಿನ ಬೆಲೆಯೇ ಎಷ್ಟೋ ಸಲ ಜಾಸ್ತಿ. ಮತ್ತೆ ಯಾಕೆ ಈ ಪಾಡು?

ಯಾಕಂದರೆ ಆ ಕೋಣೆಯಲ್ಲಿ ಕೂತಿರೋರು ಅತ್ತೆ-ಮಾವ ಅಲ್ಲ. ಆಫೀಸಿನಲ್ಲಿ ದಿನವಿಡೀ ದನಿ ತಗ್ಗಿಸಿ, ನಡಿಗೆ ಬಿಗಿ ಮಾಡಿ, 'ಮದುವೆ ಯಾವಾಗಪ್ಪಾ' ಅನ್ನೋ ಪ್ರಶ್ನೆಗೆ ಸುಳ್ಳು ಹೇಳಿ ಬಂದವರು. ವೇಷ ಯಾವುದು ಅಂತ ನನ್ನನ್ನು ಕೇಳಿದರೆ ಹಗಲಿನದು ವೇಷ. ಈ ಥೀಮಿಗೆ ಏನು ಹಾಕೋದು, ಪಿನ್ನು ಯಾರ ಹತ್ತಿರ ಇದೆ, ಈ ಹೀಲ್ಸಿನಲ್ಲಿ ನಡೆಯೋದು ಹೇಗೆ ಅನ್ನೋ ಮಾತಿನಲ್ಲೇ ಸ್ನೇಹ ಬೆಳೆಯುತ್ತೆ. ಊರಿಂದ ಹೊಸದಾಗಿ ಬಂದ ಹುಡುಗನಿಗೆ ಹಳಬರು ಹುಬ್ಬು ತೀಡೋದನ್ನು ಹೇಳಿಕೊಡ್ತಾರೆ. ಹಳಬರನ್ನು 'ಡ್ರ್ಯಾಗ್ ಮದರ್', ಡ್ರ್ಯಾಗ್ ತಾಯಿ, ಅಂತ ಕರೆಯೋ ರೂಢಿ ಈ ಲೋಕದಲ್ಲಿದೆ. ಮನೆಯಿಂದ ಹೊರಗೆ ಹಾಕಿಸಿಕೊಂಡವನಿಗೆ ಆ ಪದ ಬರೀ ತಮಾಷೆಯಲ್ಲ.

ಹಾಗಾದರೆ ಇವರು ಹಗಲಲ್ಲಿ ಹೊರಗೆ ಬಂದಾಗ ಏನಾಯ್ತು? 2010ರ ಮೇ 22. ಬ್ರಾಟಿಸ್ಲಾವಾದಲ್ಲಿ ಮೊದಲ ಪ್ರೈಡ್ ಮೆರವಣಿಗೆ. ತೀವ್ರ ಬಲಪಂಥೀಯ ಗುಂಪುಗಳು ಮೊಟ್ಟೆ, ಕಲ್ಲು ಎಸೆದವು. ಅಶ್ರುವಾಯು ಹಾರಿತು. ಅಂದುಕೊಂಡ ದಾರಿಯಲ್ಲಿ ಮೆರವಣಿಗೆ ಹೋಗೋಕೇ ಆಗಲಿಲ್ಲ.

ಕಲ್ಲು ಎಸೆದವರು ಬೀದಿಯವರು, ಬಿಡಿ. ಸಂಸತ್ತು ಏನು ಮಾಡಿತು? 2014ರಲ್ಲಿ ಪ್ರಧಾನಿ ರಾಬರ್ಟ್ ಫಿಟ್ಸೊಗೆ ನ್ಯಾಯಾಂಗದ ಬಗ್ಗೆ ಒಂದು ಸಂವಿಧಾನ ತಿದ್ದುಪಡಿ ಬೇಕಾಗಿತ್ತು. 150 ಸದಸ್ಯರ ಸಂಸತ್ತಿನಲ್ಲಿ ಅದಕ್ಕೆ 90 ಮತ ಬೇಕು, ಅವರ ಪಕ್ಷದ ಹತ್ತಿರ ಇದ್ದದ್ದು 83. ವಿರೋಧ ಪಕ್ಷದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಾಟರು ಕೈ ಜೋಡಿಸಿದರು. ಬದಲಿಗೆ ಮದುವೆ ಅಂದರೆ ಗಂಡು-ಹೆಣ್ಣಿನ ನಡುವಿನದು ಮಾತ್ರ ಅನ್ನೋ ಸಾಲು ಸಂವಿಧಾನದೊಳಗೆ ಹೋಯ್ತು. 102 ಮತ ಬಿತ್ತು. ಚೌಕಾಸಿ ಅಂದರೆ ಇದು! ಮರುವರ್ಷ, 2015ರ ಫೆಬ್ರವರಿ 7ರಂದು, ಇನ್ನೂ ಬಿಗಿ ಮಾಡೋಣ ಅಂತ ಜನಮತಗಣನೆ ನಡೆಸಿದರು. ಮತಗಟ್ಟೆಗೆ ಬಂದವರು ಶೇ. 21.41. ಊರ್ಜಿತವಾಗೋಕೆ ಶೇ. 50 ಬೇಕಿತ್ತು. ಸಂಸ್ಕೃತಿ ಮುಳುಗ್ತಿದೆ ಅಂತ ಎಷ್ಟು ಡಂಗುರ ಹೊಡೆದರೂ ಮುಕ್ಕಾಲು ಪಾಲು ಜನ ಮನೆಯಲ್ಲೇ ಕೂತರು. ನನಗಂತೂ ಇದು ಈ ಚರಿತ್ರೆಯಲ್ಲಿ ಎಲ್ಲರೂ ಮರೆಯೋ ಮುಖ್ಯ ಅಂಕಿ ಅನ್ನಿಸುತ್ತೆ.

ಈಗ ಜಾಮೊಟ್ಸ್ಕಾ ಬೀದಿಗೆ ಬನ್ನಿ. 2022ರ ಅಕ್ಟೋಬರ್ 12, ಸಂಜೆ. ಟೆಪ್ಲಾರೆನ್ ಬಾರಿನ ಹೊರಗೆ ಕೂತಿದ್ದವರ ಮೇಲೆ 19 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿದ. ಇಬ್ಬರು ಸತ್ತರು. ಒಬ್ಬ ಮಹಿಳೆಗೆ ಗಾಯವಾಯ್ತು. ಹಂತಕ ಮರುದಿನ ಶವವಾಗಿ ಸಿಕ್ಕ. ಯಹೂದಿಗಳ ಮೇಲೆ, ಸಲಿಂಗಿಗಳ ಮೇಲೆ ವಿಷ ಕಾರೋ ಒಂದು ಉದ್ದನೆ ಬರಹವನ್ನು ಅವನು ಇಂಟರ್ನೆಟ್ಟಿಗೆ ಹಾಕಿದ್ದ. ಬೈಗುಳವನ್ನು ಬೋರ್ಡು ಮಾಡಿದ್ದ ಬಾಗಿಲಿನ ಮುಂದೆ ಹೂವು, ಮೇಣದ ಬತ್ತಿಗಳ ರಾಶಿ ಬಿತ್ತು. ಎರಡು ದಿನ ಕಳೆದ ಮೇಲೆ ಸಾವಿರಾರು ಜನ ಸೇರಿದರು. ರಾಷ್ಟ್ರಾಧ್ಯಕ್ಷೆ ಜುಜಾನಾ ಚಾಪುತೋವಾ ಅವರೇ ಬಂದು, ನಿಮ್ಮನ್ನು ಕಾಪಾಡಲಾಗಲಿಲ್ಲ ಅಂತ ಆ ಸಮುದಾಯದ ಕ್ಷಮೆ ಕೇಳಿದರು, ನೀವೂ ಈ ದೇಶದವರೇ ಅಂದರು.

ಅದೇ ತಿಂಗಳು ಸಂಸತ್ತಿನ ಮುಂದೆ ಸಲಿಂಗಿ ಜೋಡಿಗಳ ಸಹಬಾಳ್ವೆಗೆ ಕಾನೂನಿನ ಮಾನ್ಯತೆ ಕೊಡೋ ಮಸೂದೆ ಬಂತು. ಮದುವೆ ಅಲ್ಲ, ಅದಕ್ಕಿಂತ ಕಡಿಮೆಯದು. ಪಕ್ಕದ ಜೆಕ್ ದೇಶ 2006ರಲ್ಲೇ ಅಂಥದ್ದನ್ನು ಕೊಟ್ಟಾಗಿತ್ತು. ಸ್ಲೋವಾಕ್ ಸಂಸತ್ತು ತಿರಸ್ಕರಿಸಿತು. ಹೂವಿನ್ನೂ ಬಾಡಿರಲಿಲ್ಲ.

ಬಾರ್ ಮತ್ತೆ ಮೊದಲಿನ ಹಾಗೆ ತೆರೆಯಲಿಲ್ಲ. 2025ರ ಸೆಪ್ಟೆಂಬರ್ 26ರಂದು ಅದೇ ಫಿಟ್ಸೊ ಮತ್ತೆ ಪ್ರಧಾನಿಯಾಗಿದ್ದಾಗ, ಅದೇ ಕ್ರಿಶ್ಚಿಯನ್ ಡೆಮಾಕ್ರಾಟರ ಮತಗಳೂ ಸೇರಿ, ಗಂಡು ಮತ್ತು ಹೆಣ್ಣು ಎಂಬ ಎರಡೇ ಲಿಂಗ ಉಂಟು ಅನ್ನೋ ತಿದ್ದುಪಡಿ ಸಂವಿಧಾನಕ್ಕೆ ಸೇರಿತು. ಪರವಾಗಿ ಬಿದ್ದದ್ದು ಸರಿಯಾಗಿ 90 ಮತ, ಒಂದು ಕಡಿಮೆಯಾಗಿದ್ದರೂ ಬಿದ್ದುಹೋಗ್ತಿತ್ತು. ಬ್ರಾಟಿಸ್ಲಾವಾದಿಂದ ವಿಯೆನ್ನಾಗೆ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಅಲ್ಲಿ 2019ರಿಂದ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಮದುವೆಯಾಗಬಹುದು. ಇಲ್ಲಿ ಟ್ರಾವೆಸ್ಟಿ ಷೋ ನೋಡೋಕೆ ಗೃಹಸ್ಥರು ಈಗಲೂ ಟಿಕೆಟ್ ತಗೊಳ್ತಾರೆ.