ಬಟಾಣಿಯ ಬೇರು, ಮಗುವಿನ ಕರುಳು

ಬ್ಯಾಕ್ಟೀರಿಯ ಎಂದ ಕೂಡಲೇ ನಮಗೆ ನೆನಪಾಗುವುದು ಜ್ವರ, ಭೇದಿ, ಕ್ಷಯ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿನ ಮುಂದಿಟ್ಟ ಮೇಲೆ, ಸೂಕ್ಷ್ಮಜೀವಿ ಎಂದರೆ ಶತ್ರು ಎಂಬ ಭಾವನೆ ನಮ್ಮ ಶಾಲೆಯ ಪಾಠಗಳವರೆಗೂ ಇಳಿದುಬಂತು. ಆದರೆ ಅದೇ ದಶಕದಲ್ಲಿ, ಅದೇ ಜರ್ಮನಿಯಲ್ಲಿ, ಗಿಡವನ್ನು ಸಾಕುವ ಬ್ಯಾಕ್ಟೀರಿಯವೂ ಪತ್ತೆಯಾಯಿತು. ಈ ಎರಡನೆಯ ಕಥೆಯನ್ನು ನಮ್ಮಲ್ಲಿ ಕೇಳಿದವರು ಕಡಿಮೆ.

ಬೇಳೆಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆಂಬುದು ಬಹಳ ಹಳೆಯ ತಿಳಿವಳಿಕೆ. ರೋಮನ್ನರ ಕೃಷಿಗ್ರಂಥಗಳಲ್ಲಿ ಅದು ಇದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿಯನ್ನು ಅಕ್ಕಡಿ ಸಾಲಾಗಿ ಬಿತ್ತುವ ರೂಢಿಯೂ ಇದೆ. ಹಾಗೆಂದು ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವುದು ನಮಗೆ ಸರಿಕಾಣದು. ಹೀಗೆ ಮಾಡಿದರೆ ಒಳ್ಳೆಯದಾಗುತ್ತದೆ ಎಂದು ಗೊತ್ತಿತ್ತು. ಏಕೆ ಎಂಬುದು ಯಾವ ದೇಶದವರಿಗೂ ಗೊತ್ತಿರಲಿಲ್ಲ.

ತಕ್ಕಡಿ ಹಿಡಿದು ಈ ಪ್ರಶ್ನೆ ಕೇಳಿದವರು ಫ್ರಾನ್ಸಿನ ಬೂಸಾಂಗೋ. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ. ಆದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಬಟಾಣಿ ಮತ್ತು ಕ್ಲೋವರ್ ಗಿಡಗಳಲ್ಲಿ ಮಾತ್ರ ಬೆಳೆಯುತ್ತಾ ಸಾರಜನಕ ಹೆಚ್ಚುತ್ತದೆ, ಗೋಧಿಯಲ್ಲಿ ಹೆಚ್ಚುವುದಿಲ್ಲ ಎಂದು 1838ರಲ್ಲಿ ಅವರು ತೋರಿಸಿದರು. ಮುಂದೆ 1850ರ ದಶಕದಲ್ಲಿ ಅವರೇ ಇನ್ನಷ್ಟು ಕಟ್ಟುನಿಟ್ಟಾಗಿ, ಸುಟ್ಟ ಮಣ್ಣಿನಲ್ಲಿ, ಗಾಜಿನ ಪಾತ್ರೆಯೊಳಗೆ ಗಿಡ ಬೆಳೆಸಿದರು. ಈ ಸಲ ಸಾರಜನಕ ಹೆಚ್ಚಲೇ ಇಲ್ಲ! 1857-58ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ ಅವರಿಗೂ ಅದೇ ಉತ್ತರ ಬಂತು. ಅಲ್ಲಿಗೆ ಚರ್ಚೆ ಮುಗಿಯಿತೆಂದು ಬಹುಮಂದಿ ತಿಳಿದರು. ಮಣ್ಣು ಸುಟ್ಟಾಗ ಅದರೊಳಗಿನ ಕೆಲಸಗಾರರೂ ಸತ್ತುಹೋಗಿದ್ದರೆಂದು ಯಾರಿಗೂ ಹೊಳೆಯಲಿಲ್ಲ. ಅತಿಯಾದ ಶುದ್ಧತೆಯೇ ಇಲ್ಲಿ ದಾರಿ ತಪ್ಪಿಸಿತು.

ಗಂಟು ಬಿಡಿಸಿದವರು ಬೆರ್ನ್‌ಬುರ್ಗ್ ಊರಿನ ಹೆರ್ಮಾನ್ ಹೆಲ್‌ರೀಗಲ್ ಮತ್ತು ಅವರ ಸಹೋದ್ಯೋಗಿ ವಿಲ್‌ಫಾರ್ಟ್. ಮರಳು ತುಂಬಿದ ಕುಂಡಗಳಲ್ಲಿ ಓಟ್ಸ್ ಬೆಳೆದಾಗ ಲೆಕ್ಕ ಸರಿಯಾಗಿ ಬರುತ್ತಿತ್ತು: ನೈಟ್ರೇಟ್ ಕೊಟ್ಟಷ್ಟು ಬೆಳೆ. ಬಟಾಣಿಯ ಕುಂಡಗಳಲ್ಲಿ ಮಾತ್ರ ಯಾವ ಲೆಕ್ಕವೂ ನಿಲ್ಲಲಿಲ್ಲ. ಅಕ್ಕಪಕ್ಕದ ಎರಡು ಕುಂಡಗಳಲ್ಲಿ ಒಂದು ಗಿಡ ಹಸಿದು ಸೊರಗಿದರೆ ಇನ್ನೊಂದು, ಗೊಬ್ಬರವೇ ಇಲ್ಲದೆ, ಹಸಿರಾಗಿ ನಳನಳಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತೆಂದು ಆ ಕುಂಡಗಳನ್ನು ಎಸೆಯುತ್ತಿದ್ದರೇನೋ! ಹೆಲ್‌ರೀಗಲ್ ಮರಳನ್ನು ಕಾಯಿಸಿ ಬಟಾಣಿ ಬಿತ್ತಿದರು, ಗಿಡಗಳು ಸೊರಗಿದವು. ಹೊಲದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹಾಕಿದರು; ಗಿಡಗಳು ಚೇತರಿಸಿಕೊಂಡವು, ಬೇರಿನಲ್ಲಿ ಗಂಟುಗಳು ಮೂಡಿದವು. ಅದೇ ನೀರನ್ನು ಕುದಿಸಿ ಹಾಕಿದರೆ ಏನೂ ಆಗಲಿಲ್ಲ. 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಅವರು ಇದನ್ನು ಹೇಳಿದರು. ಎರಡು ವರ್ಷದ ನಂತರ ಹಾಲೆಂಡಿನ ಬೈಯರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಇಂದು ನಾವು ಅದನ್ನು ರೈಜೋಬಿಯಂ ಎನ್ನುತ್ತೇವೆ.

ಈ ನಂಟು ಕೂಡುವ ಬಗೆ ಪೂರ್ತಿ ಬಯಲಾಗಲು ಇನ್ನೂ ನೂರು ವರ್ಷ ಬೇಕಾಯಿತು. ಬೇರು ಮಣ್ಣಿಗೆ ಕೆಲವು ರಾಸಾಯನಿಕಗಳನ್ನು ಬಿಡುತ್ತದೆ, ಅದು ಕರೆಯೋಲೆ. ಬ್ಯಾಕ್ಟೀರಿಯ ತನ್ನದೇ ರಾಸಾಯನಿಕದಿಂದ ಉತ್ತರಿಸುತ್ತದೆ. ಗುರುತು ಹೊಂದಿದರೆ ಬೇರುಗೂದಲು ಸುರುಳಿ ಸುತ್ತಿ ಅತಿಥಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಬಟಾಣಿಗೆ ಒಗ್ಗಿದ್ದು ಅವರೆಗೆ ಒಗ್ಗದು. ಅಮೆರಿಕದ ಹೊಲಗಳಲ್ಲಿ ಸೋಯಾ ಹೊಸದಾಗಿ ಬಿತ್ತಿದಾಗ, ಅಲ್ಲಿನ ಮಣ್ಣಿನಲ್ಲಿ ಅದರ ಜೊತೆಗಾರ ಇಲ್ಲದೆ, ಬೀಜದೊಂದಿಗೆ ಬ್ಯಾಕ್ಟೀರಿಯವನ್ನೂ ಬೆರೆಸಿ ಬಿತ್ತಬೇಕಾಯಿತು. ಒಳಗೆ ಸೇರಿದ ಮೇಲೆ ಗಿಡ ಕೊಡುವುದು ಸಕ್ಕರೆಯಿಂದಾದ ಆಹಾರ. ಬ್ಯಾಕ್ಟೀರಿಯ ಕೊಡುವುದು ಗಾಳಿಯಿಂದ ಹಿಡಿದ ಸಾರಜನಕ. ಹಿತ್ತಲಲ್ಲಿ ಅವರೆ, ಬೀನ್ಸ್ ಬೆಳೆಯುವ ಸದಸ್ಯರು ಒಂದು ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ಮಕ್ಕಳಿಗೆ ತೋರಿಸಬಹುದು. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ ಎಂದು ಜಪಾನಿನ ಕುಬೊ 1939ರಲ್ಲಿ ತೋರಿಸಿದರು.

ಮನುಷ್ಯರ ವಿಷಯದಲ್ಲೂ ಇಂಥದೇ ಏರ್ಪಾಡು ಇದೆ, ಅದೂ ತಾಯಿಯ ಹಾಲಿನಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಆನ್ರಿ ತಿಸ್ಸಿಯೆ ಎಂಬ ವೈದ್ಯರು 1899ರ ಸುಮಾರಿಗೆ, ಮೊಲೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯವನ್ನು ಕಂಡರು. ಅದೇ ಬೈಫಿಡೋಬ್ಯಾಕ್ಟೀರಿಯ. ಮೊಲೆಹಾಲಿನಲ್ಲಿ ಅದು ಹುಲುಸಾಗಿ ಬೆಳೆಯಲು ಕಾರಣ ಕೆಲವು ವಿಶೇಷ ಸಕ್ಕರೆಗಳೆಂದು 1950ರ ದಶಕದ ಸಂಶೋಧನೆಗಳು ತೋರಿಸಿದವು. ಈ ಸಕ್ಕರೆಗಳು ನೂರಕ್ಕೂ ಹೆಚ್ಚು ಬಗೆ. ಹಾಲಿನ ಘನಪದಾರ್ಥದಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಇವುಗಳದ್ದೇ. ಸೋಜಿಗವೆಂದರೆ ಮಗು ಇವನ್ನು ಅರಗಿಸಿಕೊಳ್ಳಲಾರದು! ತಾಯಿ ತನ್ನ ಮೈಯಿಂದ ತೆಗೆದು ಕೊಡುವ ಆಹಾರದ ಒಂದು ಪಾಲು ಕರುಳಿನ ಅತಿಥಿಗೆ ಮೀಸಲು. ಅದನ್ನು ತಿಂದ ಬ್ಯಾಕ್ಟೀರಿಯ ಆಮ್ಲಗಳನ್ನು ಬಿಡುತ್ತದೆ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ಬೇರೂರಲಾರವು.

ಇವುಗಳಲ್ಲಿ ಇನ್‌ಫ್ಯಾಂಟಿಸ್ ಎಂಬ ಬಗೆಯ ಇಡೀ ಜೀನೋಮನ್ನು 2008ರಲ್ಲಿ ಓದಿದಾಗ, ಈ ಹಾಲಿನ ಸಕ್ಕರೆಗಳಿಗೆಂದೇ ಜೀನ್‌ಗಳ ಒಂದು ಗುಂಪು ಅದರಲ್ಲಿ ಸಿಕ್ಕಿತು. ಬಾಂಗ್ಲಾದೇಶದ ಶಿಶುಗಳಲ್ಲಿ ಇದು ಸಾಮಾನ್ಯ. ಅಮೆರಿಕದ ಶಿಶುಗಳಲ್ಲಿ ಅಪರೂಪ. ಡಬ್ಬಿಹಾಲು, ಸಿಜೇರಿಯನ್, ಪದೇ ಪದೇ ಕೊಡುವ ಆಂಟಿಬಯಾಟಿಕ್, ಇವು ಮೂರರ ಮೇಲೂ ಸಂಶೋಧಕರಿಗೆ ಸಂಶಯವಿದೆ. ಈ ಮೂರೂ ಎಷ್ಟೋ ಮಕ್ಕಳ ಪ್ರಾಣ ಉಳಿಸಿವೆ, ನಮ್ಮ ಕುಟುಂಬಗಳಲ್ಲೂ ಉಳಿಸಿವೆ, ಬೇಕಾದಾಗ ಬೇಡವೆನ್ನುವಂತಿಲ್ಲ. ಆದರೆ ನೆಗಡಿಗೆಲ್ಲ ಆಂಟಿಬಯಾಟಿಕ್ ಬರೆದುಕೊಡಿ ಎಂದು ಡಾಕ್ಟರನ್ನು ಕಾಡುವ ಅಭ್ಯಾಸ ನಮ್ಮವರಲ್ಲಿ ಇದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ತಾಗದು. ತಾಗುವುದು ಕರುಳಿನ ಈ ಅತಿಥಿಗಳಿಗೆ.