ಸಮುದ್ರ ಸೌತೆ–ರಕ್ತಚಂದನ: ಎರಡಕ್ಕೂ ಕಳ್ಳಸಾಗಣೆ ಕಾಟ, ಆದರೆ ಕಾನೂನು ಒಂದೇ ಅಲ್ಲ!

ಮುಂಬೈ: ನಗರದ ಎದುರು ದಡದಲ್ಲಿರುವ ನವಾ ಶೇವಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ (ಡಿಆರ್‌ಐ) ಅಧಿಕಾರಿಗಳು ರಕ್ತಚಂದನ ವಶಪಡಿಸಿಕೊಂಡ ಸುದ್ದಿ ಆಗಾಗ ಬರುತ್ತಿರುತ್ತದೆ. ತಮಿಳುನಾಡು ಕರಾವಳಿಯಲ್ಲಿ ಇದೇ ರೀತಿ ಸಿಕ್ಕಿಬೀಳುವುದು ಸಮುದ್ರ ಸೌತೆ. ಒಂದು ಮರ, ಇನ್ನೊಂದು ಕಡಲ ಜೀವಿ. ಎರಡಕ್ಕೂ ಚೀನಾ ಸೇರಿದಂತೆ ಪೂರ್ವ ಏಷ್ಯಾದಲ್ಲಿ ಭಾರಿ ಬೇಡಿಕೆ ಇದೆ. ಹಾಗಾದರೆ ಇವುಗಳ ನಡುವಿನ ವ್ಯತ್ಯಾಸವೇನು? ಇಲ್ಲಿದೆ ಮಾಹಿತಿ.

ಯಾವುದು ಏನು?
ಹೆಸರಿನಲ್ಲಿ ಸೌತೆ ಇದ್ದರೂ ಇದು ತರಕಾರಿಯಲ್ಲ, ನಕ್ಷತ್ರ ಮೀನಿನ ಹತ್ತಿರದ ಸಂಬಂಧಿ. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯಲ್ಲಿ ಸಿಗುವ 'ಹೊಲೊಥೂರಿಯಾ ಸ್ಕೇಬ್ರಾ' ಪ್ರಭೇದಕ್ಕೆ ಹೆಚ್ಚು ಬೆಲೆ. ಇದು ಕಡಲ ತಳದ ಮರಳು, ಕೆಸರನ್ನು ತಿಂದು ಸ್ವಚ್ಛಗೊಳಿಸುತ್ತದೆ. ಒಣಗಿಸಿದ ಸಮುದ್ರ ಸೌತೆಯನ್ನು ಆಹಾರ ಹಾಗೂ ಸಾಂಪ್ರದಾಯಿಕ ಔಷಧಿಗೆ ಬಳಸುತ್ತಾರೆ.

'ಟೆರೊಕಾರ್ಪಸ್ ಸ್ಯಾಂಟಲಿನಸ್' ಎಂಬ ವೈಜ್ಞಾನಿಕ ಹೆಸರಿನ ರಕ್ತಚಂದನ ಮುಖ್ಯವಾಗಿ ಆಂಧ್ರದ ಶೇಷಾಚಲಂ ಸುತ್ತಮುತ್ತಲ ಪೂರ್ವ ಘಟ್ಟಗಳ ಮರ. ಶ್ರೀಗಂಧದಂತೆ ಇದಕ್ಕೆ ಪರಿಮಳವಿಲ್ಲ. ಬೆಲೆ ಇರುವುದು ಕೆಂಪು ತಿರುಳಿಗೆ. ಪೀಠೋಪಕರಣ, ಸಂಗೀತ ವಾದ್ಯಗಳಿಗೆ ಇದು ಬಳಕೆಯಾಗುತ್ತದೆ.

ಮುಂಬೈಗೆ ಮರವೇ ಏಕೆ ಬರುತ್ತದೆ?
ಒಣಗಿದ ಸಮುದ್ರ ಸೌತೆ ಹಗುರ. ಹೀಗಾಗಿ ಸಣ್ಣ ದೋಣಿಯಲ್ಲೇ ಶ್ರೀಲಂಕಾ ಕಡೆಗೆ ಸಾಗಿಸುತ್ತಾರೆ. ಆದರೆ ರಕ್ತಚಂದನದ ದಿಮ್ಮಿಗಳು ನೀರಿನಲ್ಲಿ ಮುಳುಗುವಷ್ಟು ಭಾರ. ಟನ್‌ಗಟ್ಟಲೆ ಸಾಗಿಸಲು ಕಂಟೇನರ್ ಬೇಕೇ ಬೇಕು. ಕಳ್ಳಸಾಗಣೆದಾರರು ದಾಖಲೆಯಲ್ಲಿ ಬೇರೆ ಸರಕಿನ ಹೆಸರು ತೋರಿಸಿ ದೊಡ್ಡ ಬಂದರುಗಳನ್ನು ಬಳಸುವುದು ಇದೇ ಕಾರಣಕ್ಕೆ.

ಕಾನೂನು ಏನು ಹೇಳುತ್ತದೆ?
2001ರಿಂದ ಎಲ್ಲ ಸಮುದ್ರ ಸೌತೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹಿಡಿಯುವುದು, ಮಾರುವುದು ಅಪರಾಧ. 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂ. ದಂಡ ವಿಧಿಸಬಹುದು.

ರಕ್ತಚಂದನದ ವಿಷಯ ಹಾಗಲ್ಲ. ರೈತರು ಸ್ವಂತ ಜಮೀನಿನಲ್ಲಿ ಬೆಳೆಯಬಹುದು. ಆದರೆ ಕಡಿದು ಸಾಗಿಸಲು ಅರಣ್ಯ ಇಲಾಖೆಯ ನಿಯಮ ಪಾಲಿಸಬೇಕು, ರಫ್ತಿಗೆ ಪರವಾನಗಿ ಬೇಕು. 1995ರಿಂದ ಇದು ವನ್ಯಜೀವಿ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಎರಡನೇ ಪಟ್ಟಿಯಲ್ಲಿದೆ. 2004ರಿಂದ ಭಾರತದ ಮೇಲಿದ್ದ ವಿಶೇಷ ಪರಿಶೀಲನೆಯನ್ನು 2023ರ ನವೆಂಬರ್‌ನಲ್ಲಿ ಕೈಬಿಡಲಾಗಿದ್ದು, ಬೆಳೆಗಾರರಿಗೆ ರಫ್ತಿನ ದಾರಿ ಸುಲಭವಾಗಿದೆ.

ಚೇತರಿಕೆ ಯಾಕೆ ಕಷ್ಟ?
ಗಂಡು, ಹೆಣ್ಣು ಸಮುದ್ರ ಸೌತೆಗಳು ನೀರಿನಲ್ಲೇ ವೀರ್ಯ ಮತ್ತು ಮೊಟ್ಟೆ ಬಿಡುತ್ತವೆ. ಸಂಖ್ಯೆ ವಿರಳವಾದರೆ ಅವು ಸೇರುವುದೇ ಇಲ್ಲ. ಕಡಿದ ರಕ್ತಚಂದನದ ಬುಡ ಮತ್ತೆ ಚಿಗುರುತ್ತದೆಯಾದರೂ ಕೆಂಪು ತಿರುಳು ಬಲಿಯಲು ದಶಕಗಳೇ ಬೇಕು. ಎರಡನ್ನೂ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಹೀಗಾಗಿ ಬಂದರಿನಲ್ಲಿ ಮಾಲು ಸಿಕ್ಕಿಬಿದ್ದರೂ, ಕಾಡು ಮತ್ತು ಕಡಲಿಗೆ ಆದ ನಷ್ಟ ಬೇಗ ತುಂಬುವುದಿಲ್ಲ.