ಕಾಡುಜಿರಳೆ

ಮನುಷ್ಯವಾಸದ ಹಂಗಿಲ್ಲದೆ ಕಾಡಿನ ತರಗೆಲೆ, ಸಡಿಲ ಮಣ್ಣು, ತೊಗಟೆಯ ಸಂದು ಹಾಗೂ ಕೊಳೆಯುತ್ತಿರುವ ದಿಮ್ಮಿಗಳಲ್ಲಿ ಬದುಕುವ ಜಿರಳೆಗಳಿಗಿರುವ ಸಾಮಾನ್ಯ ಹೆಸರು. ಇವು ಬ್ಲಾಟೋಡಿಯ ಗಣಕ್ಕೆ ಸೇರುತ್ತವೆ. ಪ್ರಪಂಚದಲ್ಲಿ ಈವರೆಗೆ ಹೆಸರಿಸಲಾಗಿರುವ ಸುಮಾರು 4,600 ಜಿರಳೆ ಪ್ರಭೇದಗಳಲ್ಲಿ ಮನೆ, ಉಗ್ರಾಣ, ಚರಂಡಿಗಳ ಆಸರೆ ಹಿಡಿದವು 30ರಷ್ಟು ಮಾತ್ರ. ಅವುಗಳಲ್ಲೂ ನಿಜವಾಗಿ ಪಿಡುಗೆನಿಸಿದವು ನಾಲ್ಕೈದು. ಭಾರತದಲ್ಲಿ ದಾಖಲಾಗಿರುವ ಸುಮಾರು 180 ಪ್ರಭೇದಗಳಲ್ಲಿಯೂ ಬಹುಪಾಲು ಕಾಡು, ಹುಲ್ಲುಗಾವಲುಗಳವೇ. ಅಡುಗೆಮನೆಯ ಕೆಲವೇ ಜಿರಳೆಗಳಿಂದಾಗಿ ಇಡೀ ಕುಲಕ್ಕೆ ಅಂಟಿದ ಅಪಕೀರ್ತಿ ಅನ್ಯಾಯದ್ದು. ಕಾಡಿನ ನೆಲವನ್ನು ಫಲವತ್ತಾಗಿ ಉಳಿಸುವ ಕೆಲಸದಲ್ಲಿ ಇವುಗಳ ಪಾಲು ಅದರಿಂದ ಮರೆಯಾಗಿದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆ. ಇಲ್ಲಿನ ಮಸಾರಿ ನೆಲದ ದಿಣ್ಣೆಗಳಲ್ಲಿ ಮತ್ತು ಕಲ್ಲುಗುಡ್ಡಗಳ ಬುಡದಲ್ಲಿ ಜಾಲಿ, ತುಗ್ಗಲಿ, ಕಮರ, ಕಾರೆ, ಕವಳೆಗಳ ಕುರುಚಲು ಕಾಡು ಬೆಳೆಯುತ್ತದೆ. ದಕ್ಷಿಣ ಭಾರತದ ಇಂಥ ಒಣ ಕುರುಚಲು ಕಾಡೇ ಏಳುಚುಕ್ಕೆ ಜಿರಳೆಯ, ಅಂದರೆ ತೇರಿಯಾ ಪೆಟಿವೆರಿಯಾನ ಎಂಬ ಪ್ರಭೇದದ ನೆಲೆ. ಕೋರಿಡಿಯಿಡೀ ಎಂಬ ಪ್ರಾಚೀನ ಕುಟುಂಬಕ್ಕೆ ಸೇರಿದ ಇದನ್ನು ಮೊದಲ ಬಾರಿ ಕಂಡವರು ಜಿರಳೆಯೆಂದು ಗುರುತಿಸುವುದೇ ಇಲ್ಲ. ಒಂದು ಅಂಗುಲದ ಆಸುಪಾಸಿನ ದುಂಡನೆಯ ದೇಹ, ಕಡುಗಪ್ಪಾದ ಗಟ್ಟಿ ಮುಂದಿನ ರೆಕ್ಕೆಗಳು, ಅವುಗಳ ಮೇಲೆ ಎದ್ದು ಕಾಣುವ ಏಳು ಬಿಳಿ ಮಚ್ಚೆಗಳು ಇದರ ಲಕ್ಷಣ. ಒಂದು ರೆಕ್ಕೆ ಇನ್ನೊಂದರ ಮೇಲೆ ಅರ್ಧ ಹೊದ್ದು ಕೂರುತ್ತದೆ. ಲಿನೇಯಸ್ 1758ರಲ್ಲಿ ಇದನ್ನು ವರ್ಣಿಸುವಾಗ ಆಮೆಯ ಚಿಪ್ಪಿನಂಥ ಬೆನ್ನುಳ್ಳ ದುಂಬಿಗಳ ಗುಂಪಿಗೆ ಸೇರಿಸಿ, ಕಸಿಡಾ ಪೆಟಿವೆರಿಯಾನ ಎಂದು ಕರೆದಿದ್ದನು; ಹೆಸರಿನ ಉತ್ತರಾರ್ಧವು ಲಂಡನ್ನಿನ ಔಷಧ ವ್ಯಾಪಾರಿ ಹಾಗೂ ಜೀವಿಸಂಗ್ರಾಹಕ ಜೇಮ್ಸ್ ಪೆಟಿವರ್‌ನ ಸ್ಮರಣೆಗಾಗಿ ಇಟ್ಟದ್ದು.

ಈ ಮಚ್ಚೆಗಳು ಆತ್ಮರಕ್ಷಣೆಯ ಉಪಾಯವೆಂಬುದು ವಿಜ್ಞಾನಿಗಳ ಊಹೆ. ಇದೇ ಒಣನೆಲದಲ್ಲಿ ಓಡಾಡುವ ಆಂಥಿಯಾ ಸೆಕ್ಸ್‌ಗುಟಾಟ ಎಂಬ ಆರುಚುಕ್ಕೆಯ ನೆಲದುಂಬಿಯು ಕೆಣಕಿದರೆ ಉರಿಯುಂಟುಮಾಡುವ ಆಮ್ಲವನ್ನು ಚಿಮ್ಮಿಸುತ್ತದೆ. ಒಮ್ಮೆ ಆ ದುಂಬಿಯ ರುಚಿ ಕಂಡ ಹಕ್ಕಿ ಅದೇ ಬಣ್ಣದ ಜಿರಳೆಯನ್ನೂ ಮುಟ್ಟದೆ ಬಿಡುವುದರಿಂದ, ಚಿಮ್ಮಿಸಲು ಅಂಥ ಆಮ್ಲವಿಲ್ಲದ ಜಿರಳೆಗೂ ರಕ್ಷಣೆ ದೊರೆಯುತ್ತದೆ. ಇಂಥ ವೇಷಸಾಮ್ಯಕ್ಕೆ ಅನುಕರಣೆ ಎಂದು ಹೆಸರು.

ಜಿರಳೆಗಳ ಬೆಳವಣಿಗೆಯಲ್ಲಿ ಚಿಟ್ಟೆಗಳಿಗಿರುವಂಥ ಕೋಶಾವಸ್ಥೆ ಇಲ್ಲ. ತೇರಿಯಾದ ಹೆಣ್ಣು ಹಲವು ಮೊಟ್ಟೆಗಳನ್ನು ಸಾಲಾಗಿ ಒಳಗೊಂಡ ಗಟ್ಟಿ ಕವಚದ ಮೊಟ್ಟೆಚೀಲವನ್ನು ತರಗೆಲೆಗಳ ನಡುವೆ ಉದುರಿಸುತ್ತದೆ. ಅದರಿಂದ ಹೊರಬರುವ ರೆಕ್ಕೆಯಿಲ್ಲದ ಕಂದುಬಣ್ಣದ ಮರಿಗಳು ಗಿಡಮರಗಳ ನೆರಳಿನ ಸಡಿಲ ಮಣ್ಣಿನಲ್ಲಿ ಹುದುಗಿ, ಕೊಳೆತ ಎಲೆ, ಬೂಷ್ಟುಗಳನ್ನು ತಿನ್ನುತ್ತ, ಹಲವು ಬಾರಿ ಪೊರೆ ಕಳಚುತ್ತ ತಿಂಗಳುಗಟ್ಟಲೆ ಬೆಳೆಯುತ್ತವೆ. ಪ್ರೌಢ ಜಿರಳೆಗಳು ಕಾಣಿಸಿಕೊಳ್ಳುವುದು ಮುಖ್ಯವಾಗಿ ಮುಂಗಾರಿನ ಆರಂಭದಲ್ಲಿ, ಮುಂಜಾನೆ ಅಥವಾ ಮುಸ್ಸಂಜೆಯ ತಂಪು ಹೊತ್ತಿನಲ್ಲಿ. ಅವುಗಳ ಆಯುಷ್ಯ ಮರಿಯ ಅವಸ್ಥೆಗಿಂತ ಚಿಕ್ಕದು. ಹೀಗೆ ಈ ಕೀಟದ ಬಾಳಿನ ಬಹುಭಾಗ ನೆಲದೊಳಗೇ ಕಳೆಯುತ್ತದೆ.

ಒಣಗಿದ ಎಲೆಯಲ್ಲಿ ಸಾರಜನಕ ಅತ್ಯಲ್ಪ. ಅಂಥ ಬಡ ಆಹಾರವನ್ನು ನಂಬಿ ಬದುಕಲು ಜಿರಳೆಗಳಿಗೆ ನೆರವಾಗುವುದು ಅವುಗಳ ಕೊಬ್ಬಿನ ಜೀವಕೋಶಗಳಲ್ಲಿ ನೆಲೆಸಿರುವ ಬ್ಲಾಟಾಬ್ಯಾಕ್ಟೀರಿಯಮ್ ಎಂಬ ಸೂಕ್ಷ್ಮಜೀವಿ. ಇತರ ಕೀಟಗಳು ಹೊರಹಾಕುವ ಯೂರಿಕ್ ಆಮ್ಲವನ್ನು ಜಿರಳೆಗಳು ದೇಹದಲ್ಲೇ ಕೂಡಿಟ್ಟುಕೊಳ್ಳುತ್ತವೆ. ಆ ದಾಸ್ತಾನಿನ ಸಾರಜನಕವನ್ನು ಬಳಸಿ ಈ ಸೂಕ್ಷ್ಮಜೀವಿಯು ಅಮೈನೋ ಆಮ್ಲಗಳನ್ನು ತಯಾರಿಸಿಕೊಡುತ್ತದೆ ಮತ್ತು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ನೀರಿನ ಅಭಾವಕ್ಕೂ ತೇರಿಯಾದ ಕೋರಿಡಿಯಿಡೀ ಕುಟುಂಬದಲ್ಲಿ ಆಶ್ಚರ್ಯಕರ ಹೊಂದಾಣಿಕೆಯಿದೆ: ಅಮೆರಿಕದ ಮರಳುಗಾಡಿನ ಅರೆನಿವಾಗ ಎಂಬ ಜಿರಳೆ ಮರಳಿನೊಳಗಿನ ಗಾಳಿಯ ತೇವವನ್ನೇ ಬಾಯಿಯ ವಿಶೇಷ ಅಂಗಗಳಿಂದ ಹೀರಿಕೊಳ್ಳುತ್ತದೆ.

ಮರವನ್ನೇ ತಿನ್ನುವ ಜಿರಳೆಗಳಲ್ಲಿ ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ತಂಪು ಕಾಡುಗಳ ಕ್ರಿಪ್ಟೋಸರ್ಕಸ್ ಪ್ರಸಿದ್ಧವಾದುದು. ಗಂಡುಹೆಣ್ಣುಗಳು ಕೂಡಿ ದಿಮ್ಮಿಯೊಳಗೆ ಸುರಂಗ ಕೊರೆದು, ಕರುಳಿನಲ್ಲಿರುವ ಏಕಕೋಶ ಜೀವಿಗಳ ನೆರವಿನಿಂದ ಮರವನ್ನು ಜೀರ್ಣಿಸಿಕೊಂಡು, ತಮ್ಮ ಹಿಂಗರುಳಿನ ದ್ರವವನ್ನು ಮರಿಗಳಿಗೆ ಉಣಿಸಿ ಆ ಜೀವಿಗಳನ್ನೂ ದಾಟಿಸುತ್ತವೆ. ಗೆದ್ದಲುಗಳಿಗೆ ಅತ್ಯಂತ ಹತ್ತಿರದ ಬಂಧು ಇದೇ. 2007ರಲ್ಲಿ ಇನ್‌ವರ್ಡ್, ಬೆಕಲೋನಿ ಮತ್ತು ಎಗಲ್ಟನ್ ನಡೆಸಿದ ಡಿಎನ್‌ಎ ವಿಶ್ಲೇಷಣೆಯು ಗೆದ್ದಲುಗಳು ಪ್ರತ್ಯೇಕ ಗಣವಲ್ಲ, ಸಮಾಜಜೀವಿಗಳಾದ ಜಿರಳೆಗಳೇ ಎಂಬುದನ್ನು ದೃಢಪಡಿಸಿತು. ಹೀಗಾಗಿ ಬಯಲುಸೀಮೆಯ ಹೊಲದ ಬದುಗಳಲ್ಲಿ ಕಾಣುವ ಹುತ್ತಗಳನ್ನು ಕಟ್ಟಿದ್ದೂ ಜಿರಳೆಯ ವಂಶವೇ. ಹುತ್ತ ಕಟ್ಟುವ ಓಡಂಟೋಟರ್ಮಿಸ್ ಗೆದ್ದಲು ಏಕಕೋಶ ಜೀವಿಗಳ ಬದಲು ಶಿಲೀಂಧ್ರವನ್ನು ಸಾಕಿ, ಅದರ ಮೂಲಕ ಒಣಕಟ್ಟಿಗೆಯನ್ನು ಅರಗಿಸಿಕೊಳ್ಳುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ ಮತ್ತು ನೆರೆಯ ದರೋಜಿ ಕರಡಿಧಾಮಗಳ ಕರಡಿಗಳು ಉಗುರಿನಿಂದ ಹುತ್ತ ಕೆದರಿ, ಮೂತಿಯನ್ನು ಕೊಳವೆಯಾಗಿಸಿ ಹೀರಿ ತಿನ್ನುವುದು ಈ ಗೆದ್ದಲುಗಳನ್ನೇ.

ಕಾಡುಜಿರಳೆಗಳು ಎಲೆಯನ್ನು ಕಡಿದು ಚೂರು ಮಾಡಿ ಹಿಕ್ಕೆಯಾಗಿ ಬಿಡುವುದರಿಂದ ಶಿಲೀಂಧ್ರ, ಬ್ಯಾಕ್ಟೀರಿಯಗಳ ಕೆಲಸ ಹಗುರಾಗಿ ಎಲೆಯಲ್ಲಿನ ಪೋಷಕಾಂಶ ಬೇಗ ಮಣ್ಣಿಗೆ ಮರಳುತ್ತದೆ. ತರಗೆಲೆ ಮಗುಚಿ ಹುಳು ಹೆಕ್ಕುವ ಹರಟೆಮಲ್ಲ ಹಕ್ಕಿ, ಓತಿ, ಚೇಳು, ಜೇಡಗಳಿಗೆ ಜಿರಳೆ ಆಹಾರ. ಇವಾನಿಯ ಜಾತಿಯ ಕಣಜಗಳು ಜಿರಳೆಗಳ ಮೊಟ್ಟೆಚೀಲದೊಳಗೆ ತಮ್ಮ ಮೊಟ್ಟೆಯನ್ನಿಡುತ್ತವೆ. ಮನೆಯ ಜರ್ಮನ್ ಜಿರಳೆಗೂ ಬಯಲಿನ ಮೂಲವಿದೆ: 2024ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನದ ಪ್ರಕಾರ ಅದು ಏಷ್ಯಾದ ಬ್ಲಾಟೆಲ್ಲ ಅಸಹಿನೈ ಪ್ರಭೇದದಿಂದ ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ, ಕವಲೊಡೆದು ಮನುಷ್ಯವಾಸಕ್ಕೆ ಹೊಂದಿಕೊಂಡಿತು.

ಕುರುಚಲು ಕಾಡನ್ನು ಪಾಳುಭೂಮಿಯೆಂದು ಪರಿಗಣಿಸಿ ಸಮತಟ್ಟು ಮಾಡುವುದು ಮತ್ತು ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಹಚ್ಚುವುದು ಈ ಕೀಟಗಳಿಗೆ ಒದಗುವ ಎರಡು ದೊಡ್ಡ ಅಪಾಯಗಳು. ಬೆಂಕಿ ಬೀಳುವ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ತೇರಿಯಾದ ಮರಿಗಳು ಇನ್ನೂ ರೆಕ್ಕೆ ಮೂಡದೆ ತರಗೆಲೆಯಡಿಯ ಮಣ್ಣಿನಲ್ಲಿರುತ್ತವೆ. ಆಳಕ್ಕಿಳಿದವು ಉರಿಯಿಂದ ಪಾರಾದರೂ, ಮುಂಗಾರಿನವರೆಗೆ ತಿನ್ನಬೇಕಾದ ಎಲೆಯೆಲ್ಲ ಸುಟ್ಟುಹೋಗಿರುತ್ತದೆ.